ಸಿಮೇಕ್ ಲೂಪ್‌ಗಳ ವರ್ತನೆ ಮತ್ತು ಪರೀಕ್ಷೆ

ಒಂದು ತಂತ್ರಾಂಶದ ಮೂಲ ಕಡತಗಳನ್ನು ಯಾವ ಕ್ರಮದಲ್ಲಿ, ಯಾವ ಆಯ್ಕೆಗಳೊಂದಿಗೆ ಕಂಪೈಲ್ ಮಾಡಿ ಜೋಡಿಸಬೇಕು ಎಂಬುದನ್ನು ಬರೆದಿಡುವ ಭಾಷೆಗಳನ್ನು ಬಿಲ್ಡ್ ಭಾಷೆಗಳೆಂದು ಕರೆಯುತ್ತಾರೆ. ಮೇಕ್, ಆಂಟ್, ಗ್ರೇಡಲ್, ಮೆಸಾನ್, ಬೇಜಲ್ ಈ ಗುಂಪಿಗೆ ಸೇರಿದವು. ಸಿ ಮತ್ತು ಸಿ ಪ್ಲಸ್ ಪ್ಲಸ್ ಬರೆಯುವವರು ಇಂದು ವ್ಯಾಪಕವಾಗಿ ಬಳಸುವ ಸಿಮೇಕ್ ಕೂಡ ಇದೇ ಕುಲದ್ದು. ಅದರಲ್ಲಿ ಫಾರ್‌ಈಚ್, ವೈಲ್ ಎಂಬ ಎರಡು ಲೂಪ್‌ಗಳಿವೆ. ಹೊರನೋಟಕ್ಕೆ ಇವು ಬೇರೆ ಭಾಷೆಗಳ ಲೂಪ್‌ಗಳಂತೆಯೇ ಕಾಣುತ್ತವೆ, ಆದರೆ ತಪ್ಪುವ ರೀತಿ ಬೇರೆ. ಸಿಮೇಕ್‌ನ ಲೂಪ್ ತಪ್ಪಿದಾಗ ಬಹುಪಾಲು ದೋಷ ಸಂದೇಶವೇ ಬರುವುದಿಲ್ಲ. ಅದು ಸದ್ದಿಲ್ಲದೆ ಒಂದು ಸುತ್ತು ಹೆಚ್ಚು ಹಾಕುತ್ತದೆ, ಇಲ್ಲವೇ ಒಂದು ಕಡಿಮೆ, ಕೆಲವೊಮ್ಮೆ ಒಂದನ್ನೂ ಹಾಕುವುದಿಲ್ಲ. ಬಿಲ್ಡ್ ಮಾತ್ರ ಯಶಸ್ವಿ ಎಂದೇ ವರದಿಯಾಗುತ್ತದೆ. ಆದ್ದರಿಂದ ಇಂಥ ಲೂಪ್‌ನ ಪರೀಕ್ಷೆ ಬಿಲ್ಡ್ ಮುಗಿಯಿತೇ ಎಂದು ನೋಡಿದರೆ ಸಾಲದು; ಲೂಪ್ ಯಾವ ಯಾವ ಮೌಲ್ಯದೊಂದಿಗೆ, ಯಾವ ಕ್ರಮದಲ್ಲಿ, ಎಷ್ಟು ಸಲ ನಡೆಯಿತು ಎಂಬ ದಾಖಲೆಯನ್ನೇ ಪರಿಶೀಲಿಸಬೇಕು. ಈ ಲೇಖನದ ವಾದ ಅದು.

ಈ ಮೌನದ ಬೇರು ಭಾಷೆಯ ಹುಟ್ಟಿನಲ್ಲೇ ಇದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಧನಸಹಾಯದಿಂದ 1999ರಲ್ಲಿ ಇನ್‌ಸೈಟ್ ಟೂಲ್‌ಕಿಟ್ ಎಂಬ ವೈದ್ಯಕೀಯ ಚಿತ್ರ ವಿಶ್ಲೇಷಣೆಯ ತಂತ್ರಾಂಶದ ಕೆಲಸ ಶುರುವಾಯಿತು. ಯುನಿಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಒಂದೇ ವಿವರಣೆಯಿಂದ ಅದನ್ನು ಕಟ್ಟಬೇಕಿತ್ತು. ನ್ಯೂಯಾರ್ಕ್ ರಾಜ್ಯದ ಕಿಟ್‌ವೇರ್ ಸಂಸ್ಥೆ ಇದಕ್ಕಾಗಿ ಸಿಮೇಕ್ ರೂಪಿಸಿ 2000ದಲ್ಲಿ ಹೊರತಂದಿತು. ಯುನಿಕ್ಸ್ ಶೆಲ್ ಎಲ್ಲ ಕಡೆ ಸಿಗುವುದಿಲ್ಲವಾದ್ದರಿಂದ ಸಿಮೇಕ್ ತನ್ನದೇ ಪುಟ್ಟ ಭಾಷೆಯನ್ನು ಹೊತ್ತು ತಂದಿತು. ಆ ಭಾಷೆಯಲ್ಲಿ ಇರುವುದೆಲ್ಲ ಆಜ್ಞೆಗಳು, ಪ್ರತಿ ಮೌಲ್ಯವೂ ಒಂದು ಅಕ್ಷರಮಾಲೆ. ಪಟ್ಟಿ ಎಂಬ ಬೇರೆ ಜಾತಿಯೇ ಇಲ್ಲ; ನಡುನಡುವೆ ಅರ್ಧವಿರಾಮ ಚಿಹ್ನೆ ಇರುವ ಅಕ್ಷರಮಾಲೆಯೇ ಪಟ್ಟಿ. ಲೂಪ್ ಕೂಡ ಎರಡು ಆಜ್ಞೆಗಳ ಜೋಡಿ: ಫಾರ್‌ಈಚ್ ಕಂಡೊಡನೆ ಸಿಮೇಕ್ ಎಂಡ್‌ಫಾರ್‌ಈಚ್ ಬರುವವರೆಗಿನ ಆಜ್ಞೆಗಳನ್ನು ಕೂಡಿಟ್ಟುಕೊಂಡು, ಆಮೇಲೆ ಪ್ರತಿ ಅಂಶಕ್ಕೂ ಅವನ್ನು ಮತ್ತೆ ಮತ್ತೆ ನಡೆಸುತ್ತದೆ. ಸಂರಚನೆಯ ನಾಲ್ಕು ಸಾಲು ಬರೆಯಲು ಇಷ್ಟು ಸಾಕಾಗಿತ್ತು. ಆದರೆ 2006ರಲ್ಲಿ ಕೆಡಿಇಯಂಥ ದೊಡ್ಡ ಯೋಜನೆ ಸಿಮೇಕ್‌ಗೆ ಬಂದ ಮೇಲೆ, ಈ ಭಾಷೆಯಲ್ಲಿ ಜನ ಸಾವಿರಾರು ಸಾಲುಗಳ ನಿಜವಾದ ಪ್ರೋಗ್ರಾಂಗಳನ್ನೇ ಬರೆಯತೊಡಗಿದರು. ಅಲ್ಲಿಂದ ಮುಂದೆ ಲೂಪ್‌ನ ಸಣ್ಣ ವಿವರಗಳಿಗೆ ಬೆಲೆ ಬಂತು.

ಪಟ್ಟಿಯೊಂದನ್ನು ಲೂಪ್‌ಗೆ ಒಪ್ಪಿಸುವ ಬಗೆಗಳನ್ನೇ ನೋಡಿ. ಕಡತಗಳು ಎಂಬ ವೇರಿಯಬಲ್‌ನಲ್ಲಿ ಕ, ಖ, ಗ ಎಂಬ ಮೂರು ಅಂಶಗಳಿವೆ ಎಂದುಕೊಳ್ಳೋಣ. ಫಾರ್‌ಈಚ್‌ಗೆ ಆ ವೇರಿಯಬಲ್‌ನ ಹೆಸರನ್ನು ಬರಿದೇ ಬರೆದರೆ ಲೂಪ್ ಒಂದೇ ಸಲ ನಡೆಯುತ್ತದೆ, ಅದರ ಕೈಗೆ ಸಿಗುವುದು ಕಡತಗಳು ಎಂಬ ಹೆಸರು ಮಾತ್ರ. ಡಾಲರ್ ಚಿಹ್ನೆ ಮತ್ತು ಪುಷ್ಪಾವರಣ ಹಾಕಿದರೆ ಮೂರು ಸುತ್ತು. ಅದನ್ನೇ ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಮತ್ತೆ ಒಂದೇ ಸುತ್ತು, ಈ ಸಲ ಅರ್ಧವಿರಾಮಗಳ ಸಮೇತ ಇಡೀ ಪಟ್ಟಿ ಒಂದೇ ಅಂಶವಾಗಿ ಬರುತ್ತದೆ. ಇನ್ ಲಿಸ್ಟ್ಸ್ ಎಂದು ಬರೆದು ಬರಿಯ ಹೆಸರು ಕೊಟ್ಟರೆ ಮೂರು ಸುತ್ತು. ನಾಲ್ಕರಲ್ಲಿ ಯಾವುದೂ ವ್ಯಾಕರಣದ ತಪ್ಪಲ್ಲ, ಆದ್ದರಿಂದ ಯಾವುದಕ್ಕೂ ಎಚ್ಚರಿಕೆ ಬರುವುದಿಲ್ಲ. ಮೂರು ಸುತ್ತು ಕೊಡುವ ಎರಡು ಬಗೆಗಳಾದರೂ ಒಂದೇ ಎಂದು ಭಾವಿಸಿದರೆ ಅದೂ ಸರಿಯಲ್ಲ. ಪಟ್ಟಿಯ ನಡುವಿನ ಅಂಶ ಖಾಲಿಯಾಗಿದ್ದರೆ, ಅಂದರೆ ಎರಡು ಅರ್ಧವಿರಾಮಗಳು ಒತ್ತಿಕೊಂಡು ಬಂದಿದ್ದರೆ, ಡಾಲರ್ ಬಗೆ ಆ ಖಾಲಿ ಅಂಶವನ್ನು ನುಂಗಿ ಎರಡೇ ಸುತ್ತು ಹಾಕುತ್ತದೆ. ಇನ್ ಲಿಸ್ಟ್ಸ್ ಅದನ್ನು ಉಳಿಸಿಕೊಂಡು ಮೂರು ಸುತ್ತು ಹಾಕುತ್ತದೆ. ಅಂಶವೊಂದರಲ್ಲಿ ಜೋಡಿಯಿಲ್ಲದ ಚೌಕಾವರಣ ಇದ್ದರೆ ಅದರ ಮುಂದಿನ ಅರ್ಧವಿರಾಮಗಳು ಪಟ್ಟಿಯನ್ನು ಒಡೆಯುವುದೇ ಇಲ್ಲ. ಕ, ಖ, ಗ ಎಂಬ ಸಭ್ಯ ಪಟ್ಟಿಯಿಂದ ಮಾಡಿದ ಪರೀಕ್ಷೆ ಈ ಭೇದಗಳಲ್ಲಿ ಯಾವುದನ್ನೂ ಹಿಡಿಯದು. ಖಾಲಿ ಪಟ್ಟಿ, ಒಂದೇ ಅಂಶದ ಪಟ್ಟಿ, ನಡುವೆ ಖಾಲಿ ಅಂಶವಿರುವ ಪಟ್ಟಿ, ಚೌಕಾವರಣ ಇರುವ ಪಟ್ಟಿ, ಇವು ಪರೀಕ್ಷೆಯಲ್ಲಿ ಇರಲೇಬೇಕಾದ ಒಳಹರಿವುಗಳು. 2020ರಲ್ಲಿ 3.17ನೇ ಆವೃತ್ತಿಯಲ್ಲಿ ಬಂದ ಜಿಪ್ ಲಿಸ್ಟ್ಸ್ ಬಗೆಗೆ ಇನ್ನೊಂದನ್ನು ಸೇರಿಸಬೇಕು. ಅದು ಹಲವು ಪಟ್ಟಿಗಳನ್ನು ಜೊತೆಜೊತೆಗೆ ನಡೆಸುತ್ತದೆ, ಪಟ್ಟಿಗಳ ಉದ್ದ ಬೇರೆಯಾದರೆ ಗಿಡ್ಡ ಪಟ್ಟಿಯ ವೇರಿಯಬಲ್ ಉಳಿದ ಸುತ್ತುಗಳಲ್ಲಿ ಅವ್ಯಾಖ್ಯಾತವಾಗಿಬಿಡುತ್ತದೆ.

ಸಂಖ್ಯೆಗಳ ಮೇಲೆ ನಡೆಯುವ ರೇಂಜ್ ಬಗೆ ಇನ್ನಷ್ಟು ಎಚ್ಚರ ಬೇಡುತ್ತದೆ. ರೇಂಜ್ 3 ಎಂದು ಬರೆದರೆ ಸಿಗುವುದು 0, 1, 2, 3 ಎಂಬ ನಾಲ್ಕು ಸುತ್ತು, ಏಕೆಂದರೆ ಕೊನೆಯ ಸಂಖ್ಯೆಯೂ ಒಳಗೇ ಸೇರುತ್ತದೆ. ಆದ್ದರಿಂದ ಪಟ್ಟಿಯನ್ನು ಸೂಚ್ಯಂಕದ ಮೂಲಕ ಓದುವವರು ಉದ್ದದಿಂದ ಒಂದನ್ನು ಕಳೆದು ಆ ಸಂಖ್ಯೆಯನ್ನು ರೇಂಜ್‌ಗೆ ಕೊಡುತ್ತಾರೆ. ಮೂರು ಅಂಶಗಳ ಪಟ್ಟಿಗೆ 2, ಒಂದು ಅಂಶದ ಪಟ್ಟಿಗೆ 0, ಎಲ್ಲ ಸರಿಯಾಗಿಯೇ ನಡೆಯುತ್ತದೆ. ಪಟ್ಟಿ ಖಾಲಿಯಾದ ದಿನ ಉದ್ದ 0, ಅದರಿಂದ ಒಂದು ಕಳೆದರೆ ಋಣ 1. ಆರಂಭ 0, ಅಂತ್ಯ ಋಣ 1 ಎಂದಾಗ ಸಿಮೇಕ್ ನಿಲ್ಲುವುದಿಲ್ಲ. ಹೆಜ್ಜೆಯನ್ನು ತಾನೇ ಹಿಂದಕ್ಕೆ ತಿರುಗಿಸಿ 0 ಮತ್ತು ಋಣ 1 ಎಂಬ ಎರಡು ಸುತ್ತು ಹಾಕುತ್ತದೆ. ಒಂದೂ ಸುತ್ತು ಇರಬಾರದಾಗಿದ್ದ ಕಡೆ ಎರಡು ಸುತ್ತು! ಅಂತ್ಯ ಸಂಖ್ಯೆ ಆರಂಭಕ್ಕಿಂತ ಚಿಕ್ಕದಿರಬಾರದು, ಇದ್ದರೆ ಏನಾಗುತ್ತದೆಂಬ ಭರವಸೆ ಇಲ್ಲ ಎಂದು ಸಿಮೇಕ್‌ನ ದಾಖಲೆಯೇ ಹೇಳುತ್ತದೆ ನಿಜ. ಆದರೆ ಹೀಗೆ ಬರೆದವರು ಯಾರೂ ಋಣ ಸಂಖ್ಯೆಯನ್ನು ಬೇಕೆಂದು ಕೊಟ್ಟಿರುವುದಿಲ್ಲ. ಅದು ಲೆಕ್ಕಾಚಾರದ ಕೊನೆಯಲ್ಲಿ ತಾನಾಗಿ ಬಂದದ್ದು, ಖಾಲಿ ಪಟ್ಟಿಯಿಂದ ಮಾಡಿದ ಪರೀಕ್ಷೆಯೊಂದೇ ಅದನ್ನು ಮೊದಲೇ ತೋರಿಸಬಲ್ಲದು.

ವೈಲ್ ಲೂಪ್‌ನ ಬಲೆ ಇದಕ್ಕಿಂತ ಸೂಕ್ಷ್ಮ. ಬಾಕಿ ಎಂಬ ಪಟ್ಟಿಯಲ್ಲಿ ಇನ್ನೂ ಏನಾದರೂ ಇರುವವರೆಗೆ ಮೊದಲ ಅಂಶವನ್ನು ತೆಗೆದು ಕೆಲಸ ಮಾಡು ಎಂದು ಬರೆಯುವುದು ಸಹಜ, ಷರತ್ತಿನ ಜಾಗದಲ್ಲಿ ಬರಿಯ ಬಾಕಿ ಎಂದಿಡುವುದೂ ಅಷ್ಟೇ ಸಹಜ. ಆದರೆ ಸಿಮೇಕ್‌ಗೆ ಖಾಲಿ ಅಕ್ಷರಮಾಲೆಯೊಂದೇ ಸುಳ್ಳಲ್ಲ. 0, ಆಫ್, ನೋ, ಫಾಲ್ಸ್, ಎನ್, ಇಗ್ನೋರ್, ನಾಟ್‌ಫೌಂಡ್ ಎಂಬ ಪದಗಳೂ, ಅಡ್ಡಗೆರೆಯೊಡನೆ ನಾಟ್‌ಫೌಂಡ್ ಎಂದು ಕೊನೆಯಾಗುವ ಯಾವ ಅಕ್ಷರಮಾಲೆಯೂ ಅದರ ಮಟ್ಟಿಗೆ ಸುಳ್ಳೇ. ಬಾಕಿಯಲ್ಲಿ 2, 1, 0 ಎಂಬ ಮೂರು ಅಂಶಗಳಿದ್ದರೆ ಮೊದಲೆರಡು ಸುತ್ತು ಸರಿಯಾಗಿ ಸಾಗುತ್ತವೆ. ಕೊನೆಗೆ ಉಳಿಯುವ ಅಕ್ಷರಮಾಲೆ 0 ಮಾತ್ರ, ಷರತ್ತು ಸುಳ್ಳಾಗಿ ಲೂಪ್ ನಿಲ್ಲುತ್ತದೆ, ಆ ಅಂಶ ಕೈಬಿಟ್ಟುಹೋಗುತ್ತದೆ. ಅದೇ ಮೂರು ಅಂಶಗಳು 0, 1, 2 ಎಂಬ ಕ್ರಮದಲ್ಲಿದ್ದರೆ ಲೂಪ್ ಪೂರ್ತಿ ನಡೆಯುತ್ತದೆ. ತಪ್ಪು ಮೌಲ್ಯದಲ್ಲೂ ಇದೆ, ಕ್ರಮದಲ್ಲೂ ಇದೆ. ಎರಡೂ ಕೂಡಿದಾಗ ಮಾತ್ರ ಹೊರಬರುತ್ತದೆ. ಪಟ್ಟಿಯ ಉದ್ದವನ್ನು ಎಣಿಸಿ 0ಯೊಂದಿಗೆ ಹೋಲಿಸುವುದು ಇದಕ್ಕೆ ಸರಿಯಾದ ಮದ್ದು. ಪರೀಕ್ಷೆಯ ಮಟ್ಟಿಗೆ ಹೇಳುವುದಾದರೆ, ಸುಳ್ಳೆನಿಸುವ ಪದಗಳಲ್ಲಿ ಒಂದಾದರೂ ಪಟ್ಟಿಯ ತುದಿಯಲ್ಲಿ ಇರುವಂತೆ ನೋಡಿಕೊಳ್ಳಬೇಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇಷ್ಟೆಲ್ಲ ಏಕೆ, ಬಿಲ್ಡ್ ತಾನೇ ಒಂದು ಪರೀಕ್ಷೆಯಲ್ಲವೇ? ಲೂಪ್ ಒಂದು ಕಡತವನ್ನು ಬಿಟ್ಟರೆ ಲಿಂಕರ್ ದೂರುತ್ತದೆ, ಪ್ರೋಗ್ರಾಂ ಕಟ್ಟುವುದೇ ಇಲ್ಲ. ಮೂಲ ಕಡತಗಳ ಪಟ್ಟಿಗೆ ಈ ಮಾತು ಒಪ್ಪುತ್ತದೆ. ಆದರೆ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಲೂಪ್‌ಗಳು ಮಾಡುವ ಕೆಲಸದ ಬಹುಭಾಗ ಲಿಂಕರ್‌ನ ಕಣ್ಣಿಗೆ ಬೀಳದಂಥದು: ಪರೀಕ್ಷೆಗಳನ್ನು ನೋಂದಾಯಿಸುವುದು, ಎಚ್ಚರಿಕೆಯ ಆಯ್ಕೆಗಳನ್ನು ಸೇರಿಸುವುದು, ಅನುವಾದದ ಕಡತಗಳನ್ನು ಅನುಸ್ಥಾಪಿಸುವುದು. ಪರೀಕ್ಷೆಗಳ ಹೆಸರಿನ ಪಟ್ಟಿಯ ಮೇಲೆ ಲೂಪ್ ನಡೆಸಿ ಒಂದೊಂದನ್ನೂ ಆ್ಯಡ್ ಟೆಸ್ಟ್ ಆಜ್ಞೆಯಿಂದ ನೋಂದಾಯಿಸುವ ಸ್ಕ್ರಿಪ್ಟ್ ಇದೆ ಎನ್ನಿ, ಪಟ್ಟಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ಸಿಮೇಕ್‌ನಲ್ಲಿ ಅವ್ಯಾಖ್ಯಾತ ವೇರಿಯಬಲ್‌ನ ಮೌಲ್ಯ ಶೂನ್ಯ ಅಕ್ಷರಮಾಲೆ, ಆದ್ದರಿಂದ ಲೂಪ್ ಒಂದು ಸುತ್ತನ್ನೂ ಹಾಕುವುದಿಲ್ಲ. ಬಿಲ್ಡ್ ಸಲೀಸಾಗಿ ಮುಗಿಯುತ್ತದೆ. ಬಳಿಕ ನೋಂದಾಯಿತ ಪರೀಕ್ಷೆಗಳನ್ನು ಓಡಿಸುವ ಸಿಟೆಸ್ಟ್ ಎಂಬ ಉಪಕರಣವನ್ನು ನಡೆಸಿದರೆ ಯಾವ ಪರೀಕ್ಷೆಯೂ ಸಿಗಲಿಲ್ಲ ಎಂಬ ಸಾಲು ತೆರೆಯ ಮೇಲೆ ಬಂದರೂ, ಆಜ್ಞಾಸಾಲಿನಿಂದ ನಡೆಸಿದಾಗ ಅದು ಹಿಂದಿರುಗಿಸುವ ಸಂಕೇತ ಯಶಸ್ಸಿನದೇ. ಆ ಸಂಕೇತವನ್ನೇ ನೋಡುವ ಸ್ವಯಂಚಾಲಿತ ವ್ಯವಸ್ಥೆ ಹಸಿರು ಗುರುತು ಹಾಕಿ ಮುಂದೆ ಹೋಗುತ್ತದೆ. ಪರೀಕ್ಷೆ ಸಿಗದಿದ್ದರೆ ದೋಷವೆಂದು ಭಾವಿಸು ಎಂಬ ಆಯ್ಕೆಯೊಂದನ್ನು ಸಿಟೆಸ್ಟ್‌ಗೆ ಆಮೇಲೆ ಸೇರಿಸಬೇಕಾಗಿ ಬಂದದ್ದೇ ಈ ಆಕ್ಷೇಪಕ್ಕೆ ತಕ್ಕ ಉತ್ತರ.

ಇನ್ನೊಂದು ಉದಾಹರಣೆಯಲ್ಲಿ ಲೂಪ್‌ನ ಸುತ್ತುಗಳ ಎಣಿಕೆ ಪೂರ್ತಿ ಸರಿಯಾಗಿಯೇ ಇರುತ್ತದೆ, ತಪ್ಪುವುದು ಸುತ್ತಿನೊಳಗೆ. ಫಾರ್‌ಈಚ್ ತನ್ನದೇ ಆದ ವ್ಯಾಪ್ತಿಯನ್ನು ಸೃಷ್ಟಿಸುವುದಿಲ್ಲ. ಒಳಗೆ ಇಟ್ಟ ಮೌಲ್ಯಗಳು ಮುಂದಿನ ಸುತ್ತಿಗೂ, ಲೂಪ್‌ನ ಆಚೆಗೂ ಉಳಿಯುತ್ತವೆ. ಲೈಬ್ರರಿಗಳ ಹೆಸರುಗಳ ಮೇಲೆ ಲೂಪ್ ನಡೆಸಿ, ಪ್ರತಿ ಸುತ್ತಿನಲ್ಲೂ ಫೈಂಡ್ ಲೈಬ್ರರಿ ಆಜ್ಞೆಯ ಉತ್ತರವನ್ನು ಒಂದೇ ವೇರಿಯಬಲ್‌ನಲ್ಲಿ ಪಡೆಯುವ ಸ್ಕ್ರಿಪ್ಟ್ ತೆಗೆದುಕೊಳ್ಳಿ. ಈ ಆಜ್ಞೆ ತನ್ನ ಉತ್ತರವನ್ನು ಕ್ಯಾಶ್‌ನಲ್ಲಿ ಬರೆದಿಡುತ್ತದೆ, ಉತ್ತರ ಅಲ್ಲಿ ಆಗಲೇ ಇದ್ದರೆ ಮತ್ತೆ ಹುಡುಕುವುದಿಲ್ಲ. ಮೊದಲ ಸುತ್ತಿನಲ್ಲಿ ಲೈಬ್ರರಿ ಸಿಕ್ಕಿತೋ, ಉಳಿದೆಲ್ಲ ಸುತ್ತುಗಳಿಗೂ ಅದೇ ವಿಳಾಸ ಸಿಗುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದನ್ನು ಹುಡುಕುತ್ತದೆ, ಏಕೆಂದರೆ ಸಿಗಲಿಲ್ಲ ಎಂಬ ಉತ್ತರವನ್ನು ಅದು ಮುಗಿದ ಹುಡುಕಾಟವೆಂದು ಎಣಿಸುವುದಿಲ್ಲ. ಹೀಗಾಗಿ ಒಂದೇ ಸ್ಕ್ರಿಪ್ಟ್ ಒಂದು ಯಂತ್ರದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಪ್ರತಿ ಸುತ್ತಿಗೆ ಬೇರೆ ವೇರಿಯಬಲ್ ಹೆಸರು ಕೊಡುವುದು, ಅಥವಾ 3.21ರಿಂದ ಲಭ್ಯವಿರುವ ಕ್ಯಾಶ್ ಬೇಡ ಎಂಬ ಆಯ್ಕೆಯನ್ನು ಬಳಸಿ ಸುತ್ತಿನ ಆರಂಭದಲ್ಲಿ ವೇರಿಯಬಲ್ಲನ್ನು ಅಳಿಸುವುದು ಪರಿಹಾರ. ಪರೀಕ್ಷಿಸುವವರಿಗೆ ಇದರಿಂದ ಎರಡು ಕೆಲಸಗಳು ಒದಗುತ್ತವೆ: ಪಟ್ಟಿಯ ಕ್ರಮವನ್ನು ತಿರುವುಮುರುವು ಮಾಡಿ ನೋಡುವುದು, ಅದೇ ಬಿಲ್ಡ್ ಕೋಶದಲ್ಲಿ ಎರಡನೆಯ ಸಲ ಸಿಮೇಕ್ ನಡೆಸಿ ನೋಡುವುದು. ಕ್ಯಾಶ್ ಕಡತ ಕೋಶದಲ್ಲೇ ಉಳಿಯುವುದರಿಂದ ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ಲೂಪ್‌ನ ನಡೆ ಬದಲಾಗಬಹುದು.

ದಾಖಲೆಯನ್ನು ಪಡೆಯುವುದು ಕಷ್ಟವಲ್ಲ. ಪಿ ಎಂಬ ಆಯ್ಕೆಯೊಂದಿಗೆ ಸಿಮೇಕ್ ಯಾವ ಯೋಜನೆಯನ್ನೂ ಕಟ್ಟದೆ ಬರಿಯ ಸ್ಕ್ರಿಪ್ಟನ್ನು ನಡೆಸುತ್ತದೆ. ಲೂಪ್‌ನ ಒಡಲಲ್ಲಿ ಪ್ರತಿ ಅಂಶವನ್ನೂ ಒಂದು ಲಾಗ್ ವೇರಿಯಬಲ್‌ಗೆ, ಎರಡೂ ಬದಿಗೆ ಗೆರೆ ಹಾಕಿ ಸೇರಿಸುತ್ತ ಹೋಗಬೇಕು. ಗೆರೆಗಳಿದ್ದರೆ ಖಾಲಿ ಅಂಶವೂ ಎರಡು ಗೆರೆಗಳ ನಡುವಿನ ತೆರಪಾಗಿ ಕಾಣುತ್ತದೆ. ಲೂಪ್ ಮುಗಿದ ಮೇಲೆ ಆ ಲಾಗನ್ನು ಕೈಯಿಂದ ಬರೆದ ನಿರೀಕ್ಷಿತ ಅಕ್ಷರಮಾಲೆಯೊಂದಿಗೆ ಹೋಲಿಸಿ, ಬೇರೆಯಾಗಿದ್ದರೆ ಮಾರಕ ದೋಷದ ಸಂದೇಶ ಕೊಟ್ಟು ನಿಲ್ಲಿಸಬೇಕು. ಹೋಲಿಕೆ ಲೂಪ್‌ನ ಹೊರಗೇ ಇರಬೇಕೆಂಬುದು ಮುಖ್ಯ. ಒಳಗಿಟ್ಟ ಹೋಲಿಕೆ ಲೂಪ್ ನಡೆಯದಿದ್ದಾಗ ತಾನೂ ನಡೆಯುವುದಿಲ್ಲ, ಪರೀಕ್ಷೆ ಪಾಸಾಗಿಬಿಡುತ್ತದೆ. ಪರೀಕ್ಷಾ ಪ್ರಕರಣಗಳ ಪಟ್ಟಿಯನ್ನೇ ಇನ್ನೊಂದು ಫಾರ್‌ಈಚ್‌ನಿಂದ ನಡೆಸುವವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಪರೀಕ್ಷಿಸಬೇಕಾದ ಉಪಕರಣವನ್ನೇ ಅಳತೆಗೋಲಾಗಿ ಬಳಸದೆ, ಪ್ರಕರಣಗಳನ್ನು ಒಂದೊಂದಾಗಿ ಬರೆಯುವುದು ನೀರಸವಾದರೂ ಸುರಕ್ಷಿತ.

ಸಿಮೇಕ್ ಕಟ್ಟುವವರು ತಮ್ಮದೇ ಭಾಷೆಯನ್ನು ಪರೀಕ್ಷಿಸುವ ಕ್ರಮ ಇಲ್ಲಿ ಮಾದರಿಯಾಗಬಲ್ಲದು. ಅದರ ಮೂಲ ಸಂಗ್ರಹದಲ್ಲಿ ರನ್‌ಸಿಮೇಕ್ ಎಂಬ ಕೋಶವಿದೆ, ಅದರೊಳಗೆ ಫಾರ್‌ಈಚ್, ವೈಲ್ ಮುಂತಾದ ಆಜ್ಞೆಗಳಿಗೆ ಬೇರೆ ಬೇರೆ ಕೋಶಗಳು. ಪ್ರತಿ ಪ್ರಕರಣವೂ ಒಂದು ಪುಟ್ಟ ಸ್ಕ್ರಿಪ್ಟ್. ಅದರ ಪಕ್ಕದಲ್ಲೇ ನಿರ್ಗಮನ ಸಂಕೇತ ಎಷ್ಟಿರಬೇಕು, ಸಾಮಾನ್ಯ ಹೊರಹರಿವಿನಲ್ಲಿ ಏನಿರಬೇಕು, ದೋಷದ ಹೊರಹರಿವಿನಲ್ಲಿ ಏನಿರಬೇಕು ಎಂದು ಹೇಳುವ ಪಠ್ಯ ಕಡತಗಳು. ಎಂಡ್‌ವೈಲ್ ಇಲ್ಲದ ವೈಲ್, ವೈಲ್ ಇಲ್ಲದೆ ಬಂದ ಎಂಡ್‌ವೈಲ್, ಸಂಖ್ಯೆಯ ಜಾಗದಲ್ಲಿ ಕೆಟ್ಟ ಮೌಲ್ಯ ಬಂದ ರೇಂಜ್ ಇಂಥವಕ್ಕೂ ಅಲ್ಲಿ ಪ್ರಕರಣಗಳಿವೆ, ಅಂದರೆ ಸೋಲಬೇಕಾದ್ದು ಸರಿಯಾದ ಮಾತಿನೊಂದಿಗೆ ಸೋತಿತೇ ಎಂಬುದೂ ಪರೀಕ್ಷೆಯ ಭಾಗ. ಸಂಕೇತ ಮತ್ತು ಮಾತು ಎರಡನ್ನೂ ನೋಡುವ ಈ ಕ್ರಮಕ್ಕೆ ಕಾರಣವಿದೆ. ಹೊರಹರಿವಿನಲ್ಲಿ ಇಂಥ ಪಠ್ಯ ಕಂಡರೆ ಪಾಸು ಎಂಬ ಗುಣವನ್ನು ಸಿಟೆಸ್ಟ್‌ನಲ್ಲಿ ಒಂದು ಪರೀಕ್ಷೆಗೆ ಹಚ್ಚಿದರೆ, ಅದು ನಿರ್ಗಮನ ಸಂಕೇತವನ್ನು ಕಡೆಗಣಿಸುತ್ತದೆ. ಮೂರು ಸುತ್ತಿನ ಸಾಲು ಸರಿಯಾಗಿ ಅಚ್ಚಾಗಿ, ನಾಲ್ಕನೆಯ ಬೇಡದ ಸುತ್ತಿನಲ್ಲಿ ಸ್ಕ್ರಿಪ್ಟ್ ಬಿದ್ದರೂ ಪರೀಕ್ಷೆ ಪಾಸಾಗುತ್ತದೆ. ಲಾಗ್‌ನ ಮೊದಲಿಗೂ ಕೊನೆಗೂ ಗುರುತು ಇಟ್ಟು, ಎರಡು ಗುರುತುಗಳ ನಡುವಿನದನ್ನು ಪೂರ್ತಿಯಾಗಿ ಹೊಂದಿಸಿದರೆ ಈ ತೂತು ಮುಚ್ಚುತ್ತದೆ.

ಎರಡನೆಯ ಆಕ್ಷೇಪ ಇದೇ ಮಾತಿನಿಂದ ಹುಟ್ಟುತ್ತದೆ: ಭಾಷೆ ಕಟ್ಟುವವರೇ ಇಷ್ಟು ಪರೀಕ್ಷಿಸುವಾಗ ಬಳಸುವವರಿಗೇಕೆ ಆ ಹೊರೆ? ಭಾಷೆಯ ನಿಯಮ ಒಂದೇ ಆಗಿದ್ದರೆ ಈ ಮಾತು ನಿಲ್ಲುತ್ತಿತ್ತು. ಸಿಮೇಕ್‌ನಲ್ಲಿ ಒಂದೇ ಲೂಪ್‌ಗೆ ಎರಡು ಅರ್ಥಗಳಿರಬಹುದು, ಯಾವುದು ಅನ್ವಯವಾಗಬೇಕೆಂದು ಆರಿಸುವುದು ಬಳಸುವವರ ಸ್ಕ್ರಿಪ್ಟ್. ಹಳೆಯ ಯೋಜನೆಗಳು ಮುರಿಯದಿರಲೆಂದು ನಡವಳಿಕೆಯ ಪ್ರತಿ ಬದಲಾವಣೆಯನ್ನೂ ಸಂಖ್ಯೆ ಹಾಕಿದ ಪಾಲಿಸಿಯಾಗಿ ತರುತ್ತಾರೆ. ಯೋಜನೆ ತನಗೆ ಬೇಕಾದ ಕನಿಷ್ಠ ಆವೃತ್ತಿ ಎಂದು ಘೋಷಿಸಿದ್ದಕ್ಕೆ ತಕ್ಕಂತೆ ಹಳೆಯದೋ ಹೊಸದೋ ಜಾರಿಯಾಗುತ್ತದೆ. 2021ರ 3.21ರಲ್ಲಿ ಬಂದ ಸಿಎಂಪಿ 0124 ಪ್ರಕಾರ ಲೂಪ್ ವೇರಿಯಬಲ್ ಲೂಪ್ ಮುಗಿದೊಡನೆ ಇಲ್ಲವಾಗಬೇಕು. ಹಳೆಯ ನಡವಳಿಕೆಯಲ್ಲಿ ಅದು ಖಾಲಿ ಮೌಲ್ಯದೊಂದಿಗೆ ಉಳಿದುಕೊಳ್ಳುತ್ತಿತ್ತು. ಲೂಪ್‌ನ ನಂತರ ಈ ಹೆಸರು ವ್ಯಾಖ್ಯಾತವೇ ಎಂದು ಕೇಳುವ ಕೋಡ್ ಎರಡರಲ್ಲಿ ಎರಡು ಉತ್ತರ ಪಡೆಯುತ್ತದೆ. 3.1 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳು ಲೂಪ್‌ನ ಹೊರಗೆ ಬರೆದ ಬ್ರೇಕ್ ಅನ್ನೂ ಸಹಿಸಿಕೊಳ್ಳುತ್ತಿದ್ದವು, 2015ರ 3.2ರಲ್ಲಿ ಸಿಎಂಪಿ 0055 ಅದನ್ನು ದೋಷವಾಗಿಸಿತು, 2025ರ 4.0ರಲ್ಲಿ ಹಳೆಯ ಸಡಿಲಿಕೆ ಸಂಪೂರ್ಣ ಹೋಯಿತು. ವೈಲ್‌ನ ಷರತ್ತಿನಲ್ಲಿ ಆವರಣ ಚಿಹ್ನೆಗಳು ಹೊಂದದಿದ್ದರೂ 3.23ರವರೆಗೆ ಸುಮ್ಮನಿದ್ದ ಸಿಮೇಕ್ 3.24ರ ಸಿಎಂಪಿ 0130ರಿಂದ ದೂರಲಾರಂಭಿಸಿತು. ಪರೀಕ್ಷಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ: ಪಿ ಆಯ್ಕೆಯಿಂದ ನಡೆಸುವ ಪುಟ್ಟ ಸ್ಕ್ರಿಪ್ಟ್‌ನಲ್ಲಿ ಕನಿಷ್ಠ ಆವೃತ್ತಿಯ ಘೋಷಣೆ ಇಲ್ಲದಿದ್ದರೆ ಪಾಲಿಸಿಗಳು ಹಳೆಯ ನಡವಳಿಕೆಗೇ ಬೀಳುತ್ತವೆ. ಯೋಜನೆ ಹೊಸ ನಿಯಮದಲ್ಲಿ, ಅದರ ಪರೀಕ್ಷೆ ಹಳೆಯ ನಿಯಮದಲ್ಲಿ! ಹಾಗಾಗಿ ಯೋಜನೆಯ ಘೋಷಣೆಯ ಸಾಲನ್ನೇ ಪರೀಕ್ಷಾ ಸ್ಕ್ರಿಪ್ಟ್‌ನ ನೆತ್ತಿಯಲ್ಲೂ ಬರೆಯಬೇಕು. ಹಲವು ಯೋಜನೆಗಳು ಎರವಲು ಪಡೆಯುವ ಮಾಡ್ಯೂಲ್ ಬರೆಯುವವರಾದರೆ ಎರಡೂ ನಿಯಮಗಳಲ್ಲಿ ನಡೆಸಬೇಕು.

ಮ್ಯಾಕ್ರೋಗಳ ಒಳಗಿನ ಲೂಪ್‌ಗೂ ಬಳಸುವವರೇ ಹೊಣೆ. ಫಂಕ್ಷನ್‌ನಲ್ಲಿ ಆರ್ಗ್‌ಎನ್ ಎಂಬುದು ಉಳಿದ ಆರ್ಗ್ಯುಮೆಂಟ್‌ಗಳನ್ನು ಹೊತ್ತ ನಿಜವಾದ ವೇರಿಯಬಲ್. ಮ್ಯಾಕ್ರೋದಲ್ಲಿ ಅದು ವೇರಿಯಬಲ್ ಅಲ್ಲ, ಅಕ್ಷರಶಃ ಬದಲಿಸಿ ಹಾಕುವ ಪಠ್ಯ. ಆದ್ದರಿಂದ ಮ್ಯಾಕ್ರೋದೊಳಗೆ ಇನ್ ಲಿಸ್ಟ್ಸ್ ಆರ್ಗ್‌ಎನ್ ಎಂದು ಬರೆದರೆ ಲೂಪ್ ತನ್ನನ್ನು ಕರೆದವರ ಆರ್ಗ್‌ಎನ್ ಹುಡುಕುತ್ತದೆ. ಕಡತದ ಮೇಲ್ಮಟ್ಟದಿಂದ ಕರೆದರೆ ಸಾಮಾನ್ಯವಾಗಿ ಶೂನ್ಯ ಸುತ್ತು, ಇನ್ನೊಂದು ಫಂಕ್ಷನ್‌ನಿಂದ ಕರೆದರೆ ಆ ಫಂಕ್ಷನ್‌ನ ಆರ್ಗ್ಯುಮೆಂಟ್‌ಗಳ ಮೇಲೆ ಸುತ್ತು. ಎರಡು ಕಡೆಯಿಂದಲೂ ಕರೆದು ನೋಡದ ಪರೀಕ್ಷೆ ಅರ್ಧ ಪರೀಕ್ಷೆಯಷ್ಟೆ.

ಉಳಿದಿರುವುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಬಿಲ್ಡ್ ಭಾಷೆಯಲ್ಲಿ ಇಂಥ ಲೂಪ್ ಇರುವುದೇ ತಪ್ಪು, ಪರೀಕ್ಷಿಸುವ ಬದಲು ಭಾಷೆಯನ್ನು ಬಿಗಿ ಮಾಡಿ. ಇದಕ್ಕೆ ಇತಿಹಾಸದ ಬೆಂಬಲವೂ ಇದೆ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದ ಮೇಲೆ ಅದರೊಳಗೆ ಶೆಲ್ ಲೂಪ್ ಇಟ್ಟು ಪ್ರತಿ ಉಪಕೋಶದಲ್ಲೂ ಮೇಕ್ ನಡೆಸುವ ರೂಢಿ ಬೆಳೆಯಿತು. ಶೆಲ್ ಲೂಪ್‌ನ ನಿರ್ಗಮನ ಸಂಕೇತ ಅದರ ಕೊನೆಯ ಸುತ್ತಿನದು; ನಡುವಿನ ಉಪಕೋಶ ಸೋತು ಕೊನೆಯದು ಗೆದ್ದರೆ ಮೇಕ್‌ಗೆ ಸೋಲು ತಿಳಿಯುವುದೇ ಇಲ್ಲ. ಗ್ನು ಮೇಕ್‌ನ ಕೈಪಿಡಿ ಈ ರೂಢಿಯ ವಿರುದ್ಧ ಎಚ್ಚರಿಸಿ, ಲೂಪ್ ಬಿಟ್ಟು ಪ್ರತಿ ಉಪಕೋಶವನ್ನೂ ಒಂದು ಗುರಿಯಾಗಿಸುವಂತೆ ಹೇಳುತ್ತದೆ. ಮೆಸಾನ್ ಫಾರ್‌ಈಚ್ ಒಂದನ್ನೇ ಉಳಿಸಿಕೊಂಡು ವೈಲ್ ಅನ್ನು ಬೇಕೆಂದೇ ಕೈಬಿಟ್ಟಿತು. ಬೇಜಲ್ ಬಳಸುವ ಸ್ಟಾರ್ಲಾರ್ಕ್‌ನಲ್ಲಿಯೂ ಅನಿಯಮಿತ ಲೂಪ್ ಇಲ್ಲ, ಸುತ್ತುತ್ತಿರುವ ಪಟ್ಟಿಯನ್ನು ಒಳಗಿನಿಂದ ಬದಲಿಸಹೋದರೆ ದೋಷವೆಂದು ನಿಲ್ಲುತ್ತದೆ. ಸಿಮೇಕ್ ಪಟ್ಟಿಯನ್ನು ಮೊದಲೇ ವಿಸ್ತರಿಸಿಕೊಂಡಿರುವುದರಿಂದ ಅಂಥ ಬದಲಾವಣೆಯನ್ನು ಸುಮ್ಮನೆ ಗಮನಿಸದೆ ಬಿಡುತ್ತದೆ. ಎರಡರಲ್ಲಿ ಸ್ಟಾರ್ಲಾರ್ಕ್‌ನ ದಾರಿಯೇ ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಹಾಗಿದ್ದರೂ ಭಾಷೆ ಬಿಗಿಯಾದ ಮಾತ್ರಕ್ಕೆ ಖಾಲಿ ಪಟ್ಟಿಯ ಸಮಸ್ಯೆ ಹೋಗುವುದಿಲ್ಲ, ಏಕೆಂದರೆ ಖಾಲಿ ಪಟ್ಟಿ ಯಾವ ಭಾಷೆಯಲ್ಲೂ ನಿಯಮಭಂಗವಲ್ಲ. ಬೇಜಲ್‌ನಲ್ಲಿಯೂ ಕಡತಗಳ ಮಾದರಿಯನ್ನು ಹುಡುಕುವ ಗ್ಲಾಬ್ ಏನೂ ಸಿಗದಿದ್ದಾಗ ಬಹುಕಾಲ ಸುಮ್ಮನೆ ಖಾಲಿ ಪಟ್ಟಿಯನ್ನೇ ಕೊಡುತ್ತಿತ್ತು. 8ನೇ ಆವೃತ್ತಿಯಿಂದ ಅದು ತಾನಾಗಿಯೇ ದೋಷವಾಯಿತು, ಖಾಲಿ ಇರಬಹುದು ಎನ್ನುವವರು ಹಾಗೆಂದು ಬರೆದೇ ಹೇಳಬೇಕು. ಸಿಮೇಕ್‌ನ ಫೈಲ್ ಗ್ಲಾಬ್ ಆಜ್ಞೆ ಇಂದಿಗೂ ಏನೂ ಸಿಗದಿದ್ದರೆ ಖಾಲಿ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ, ಅದರ ಮೇಲೆ ನಡೆಯುವ ಫಾರ್‌ಈಚ್ ಕೂಡ ಸುಮ್ಮನಿರುತ್ತದೆ. ಆದ್ದರಿಂದ ಅಲ್ಲಿ ಪಟ್ಟಿಯ ಉದ್ದವನ್ನು ಎಣಿಸಿ, 0 ಬಂದರೆ ಮಾರಕ ದೋಷವೆನ್ನುವ ಸಾಲುಗಳನ್ನು ಲೂಪ್‌ಗೆ ಮುಂಚೆ ಸ್ಕ್ರಿಪ್ಟ್ ಬರೆಯುವವರೇ ಇಡಬೇಕಾಗುತ್ತದೆ, ಆ ಸಾಲುಗಳು ಕೆಲಸ ಮಾಡುತ್ತಿವೆಯೇ ಎಂದು ನೋಡಲು ಖಾಲಿ ಕೋಶವೊಂದನ್ನು ಪರೀಕ್ಷೆಗಳ ಜೊತೆಗೇ ಇರಿಸಿಕೊಳ್ಳಬೇಕಾಗುತ್ತದೆ.